ಬಯಕೆ ಕೇಳೋರು ರಗಡ

ಬಸುರಿ ಹೆಂಗಸು ಅಂದರೆ ನಮ್ಮ ಕಡೆ ಓಣಿಯ ಆಸ್ತಿ. ಹಾದಿಯಲ್ಲಿ ಹೋಗುವವರಿಗೂ ಆಕೆಯ ಹೊಟ್ಟೆಯ ಮೇಲೆ ಒಂದು ಮಾತಾಡುವ ಹಕ್ಕಿದೆ. ಹೊಟ್ಟೆ ಮುಂದಕ್ಕೆ ಚೂಪಾಗಿದ್ದರೆ ಗಂಡು, ಸೊಂಟದ ಸುತ್ತ ಹರಡಿದ್ದರೆ ಹೆಣ್ಣು. ಸ್ಕ್ಯಾನಿಂಗ್ ಸೆಂಟರಿನಲ್ಲಿ ಕೂತು ಇದನ್ನೇ ಹೇಳಿದರೆ ಜೈಲು. 1994ರ ಕಾಯ್ದೆ ಇದೆ. ಕಟ್ಟೆಯ ಮೇಲೆ ಕೂತು ಹೇಳುವವರನ್ನು ಹಿಡಿಯುವ ಕಾಯ್ದೆ ಇನ್ನೂ ಬಂದಿಲ್ಲ. “ಎಂಟರಾಗ ಬಿದ್ದಾಳೇನು? ಹೊಟ್ಟಿ ನೋಡಿದ್ರ ಆರರಂಗ ಕಾಣತೈತಿ” ಅಂತ ಒಬ್ಬಾಕೆ. “ಅಯ್ಯ, ಅವಳಿ-ಜವಳಿ ಇರಬೇಕು ತಗೀ” ಅಂತ ಇನ್ನೊಬ್ಬಾಕೆ. ಇಬ್ಬರೂ ಅಂದದ್ದು ಒಂದೇ ಹೊಟ್ಟೆಗೆ. ಕೇಳಿಸಿಕೊಂಡವಳು ಆ ರಾತ್ರಿ ಕೂಸು ಬೆಳೆದೇ ಇಲ್ಲ ಅಂತ ಒಂದು ಮಗ್ಗುಲಿಗೆ ಅಂಜುತ್ತಾಳೆ, ಎರಡು ಬೆಳೆದಿವೆ ಅಂತ ಇನ್ನೊಂದು ಮಗ್ಗುಲಿಗೆ.

ನಾನು ಆರೋಗ್ಯ ಇಲಾಖೆಯ ಸಿಸ್ಟರ್ ಆಗಿ, ಬಗಲಲ್ಲಿ ರಜಿಸ್ಟರು ಇಟ್ಟುಕೊಂಡು ಹುನಗುಂದದ ಸುತ್ತಿನ ಹಳ್ಳಿಗಳನ್ನು ತಿರುಗಿದವಳು. ಈಗ ಇಳಕಲ್ಲಿನಲ್ಲಿ ನಿವೃತ್ತಿ ಅನ್ನುವ ಎರಡನೇ ನೌಕರಿ. ನೌಕರಿ ಏನೆಂದರೆ ಎದೆಮಟ್ಟದ ಗೋಡೆಯ ಮೇಲೆ ಮೊಣಕೈ ಊರಿ ಪಕ್ಕದ ಮನೆಯಾಕೆಯ ಜೊತೆ ಮಾತಾಡುವುದು. ಗೋಡೆ ಇದೇ ಊರಿನ ಕೆಂಪು ಗ್ರಾನೈಟಿನದು. ಪರದೇಶದ ಹೋಟೆಲುಗಳ ನೆಲಕ್ಕೆ ಹಾಸಲು ಹೋದ ಕಲ್ಲುಗಳ ಉಳಿದ ಚೂರು. ಆಚೆ ಕಡೆ ಮಗ್ಗದ ಸಪ್ಪಳ. ಆಕೆ ಕಂಡಿಕೆ ಸುತ್ತುತ್ತ ಮಾತಾಡುತ್ತಾಳೆ, ನಾನು ಏನೂ ಮಾಡದೆ ಮಾತಾಡುತ್ತೇನೆ. ಪಿಂಚಣಿಯ ಸುಖ ಅದೇ.

ಆಕೆಯ ಮಗಳು ಚೊಚ್ಚಲ ಹೆರಿಗೆಗೆ ಬಂದಿದ್ದಾಳೆ. ಕೊಟ್ಟದ್ದು ಬಾಗಲಕೋಟೆಯ ನವನಗರಕ್ಕೆ. ಹಳೇ ಬಾಗಲಕೋಟೆಯ ಒಂದು ಭಾಗ ಆಲಮಟ್ಟಿಯ ಹಿನ್ನೀರಿಗೆ ಹೋದ ಮೇಲೆ ಎದ್ದ ಊರು ಅದು. ಅಲ್ಲಿ ಓಣಿ ಇಲ್ಲ, ಸೆಕ್ಟರು. ಮನೆ ಯಾವುದು ಅಂದರೆ ಹೆಸರು ಹೇಳುವುದಿಲ್ಲ, ನಂಬರು ಹೇಳುತ್ತಾರೆ. “ಅಲ್ಲಿ ಕಟ್ಟಿ ಇಲ್ಲ, ಹೊಟ್ಟಿ ಬಗ್ಗೆ ಮಾತಾಡೋರಿಲ್ಲ. ಆರಾಮ ಇದ್ದೆಲ್ಲವಾ?” ಎಂದು ಹುಡುಗಿಯನ್ನು ಕೇಳಿದೆ. “ಎಲ್ಲಿ ಆರಾಮ ದೊಡ್ಡವ್ವ, ಯೂಟ್ಯೂಬ್ ಐತಲ್ಲ” ಅಂದಳು. ಏಳನೇ ತಿಂಗಳಲ್ಲಿ ಏನಾಗಬಹುದು ಅಂತ ಒಮ್ಮೆ ಹುಡುಕಿದ್ದಳಂತೆ. ಆವತ್ತಿನಿಂದ ಫೋನು ತೆಗೆದರೆ ಸಾಕು, ಏನೇನಾಗಬಹುದು ಅನ್ನುವುದನ್ನೇ ತೋರಿಸುತ್ತದೆ. ಕಟ್ಟೆಯ ಮುದುಕಿಯಾದರೂ ಸಂಜೆಯಾದರೆ ಎದ್ದು ಒಳಗೆ ಹೋಗುತ್ತಾಳೆ. ಫೋನಿಗೆ ಆ ಬುದ್ಧಿ ಇಲ್ಲ.

ಕುಬಸ, ಅಂದರೆ ಸೀಮಂತ, ಜೋರಾಗಿಯೇ ಆಯಿತು. ಹಸಿರು ಇಳಕಲ್ ಸೀರೆ, ಟೋಪಿ ತೆನೆಯ ಸೆರಗು, ಅತ್ತೆಯ ತವರು ಗುಳೇದಗುಡ್ಡವಾದ್ದರಿಂದ ಖಣಕ್ಕೆ ಬರವೇ ಇಲ್ಲ. ಉಡಿಯಲ್ಲಿ ತುಂಬಿದ ಖಣಗಳಲ್ಲಿ ಓಣಿಯ ಹೆಂಗಸರಿಗೆಲ್ಲ ಕುಬಸ ಹೊಲಿಸಬಹುದಿತ್ತು. ಕೈತುಂಬ ಹಸಿರು ಬಳೆ. ಮಾದಲಿ, ಹೋಳಿಗೆ, ಕರ್ಚಿಕಾಯಿ, ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ. ಅಮೀನಗಡದ ಕರದಂಟಿನ ಡಬ್ಬಿಗಳು ಈಗಲೇ ಬಂದು ಕೂತಿವೆ. ಅಂಟು, ಒಣಹಣ್ಣು, ಬೆಲ್ಲದ ಆ ತಿನಿಸು ಬಾಣಂತಿಯ ಪಾಲಿನದು ಅಂತ ಹೆಸರಿಗೆ. ಬಾಣಂತಿ ಆಗುವ ಹೊತ್ತಿಗೆ ಡಬ್ಬಿಯಲ್ಲಿ ಎಷ್ಟು ಉಳಿಯುತ್ತದೋ ಹುಡುಗಿಯ ಅಪ್ಪನಿಗೇ ಗೊತ್ತು. ಬಂದವರೆಲ್ಲ ಒಂದೇ ಪ್ರಶ್ನೆ: “ಏನ್ ಬಯಸ್ತೀ ಯವ್ವಾ?” ಹುಣಸೆಕಾಯಿ ಬೇಕೋ, ಮಾವಿನಕಾಯಿ ಬೇಕೋ, ಮಿರ್ಚಿ ಬೇಕೋ. ಹುಡುಗಿ ತಲೆ ತಗ್ಗಿಸಿ “ಏನಿಲ್ಲ” ಅನ್ನುತ್ತಿದ್ದಳು. ಮೂಗಿನ ನತ್ತು ಅಲುಗಾಡುವುದು ನೋಡಿ ಎಲ್ಲರೂ ನಾಚಿಕೆ ಅಂದುಕೊಂಡರು. ನನಗೆ ಅದು ನಾಚಿಕೆ ಅನ್ನಿಸಲಿಲ್ಲ. ಆರತಿ ತಟ್ಟೆ ಹತ್ತಿರ ಬಂದಾಗ ಅವಳ ಬೆರಳು ನಡುಗುತ್ತಿದ್ದವು.

ಊಟ ಆದ ಮೇಲೆ ಪಡಸಾಲೆಯಲ್ಲಿ ಕೂತ ಹೆಂಗಸರು ಎಲೆ ಮಡಿಸುತ್ತ ತಮ್ಮ ತಮ್ಮ ಹೆರಿಗೆಗಳನ್ನು ಬಿಚ್ಚಿದರು. ಒಬ್ಬಾಕೆಗೆ ಎರಡು ಹಗಲು ಎರಡು ರಾತ್ರಿ ಬ್ಯಾನಿ. ಇನ್ನೊಬ್ಬಾಕೆಯ ನಾದಿನಿಗೆ ಅಂಬುಲೆನ್ಸಿನಲ್ಲೇ ಆಯಿತು, ಕೂಡಲಸಂಗಮದ ಕ್ರಾಸಿನ ಹತ್ತಿರ. ಮತ್ತೊಬ್ಬಾಕೆ ತನಗೆ ಹಾಕಿದ ಹೊಲಿಗೆಗಳನ್ನು ಎಣಿಸಿ ಹೇಳಿದಳು. ಯುದ್ಧದಿಂದ ಬಂದ ಸುಬೇದಾರರಿಗೂ ಇಷ್ಟು ಹುಮ್ಮಸ್ಸು ಇರುವುದಿಲ್ಲ. ಎಲ್ಲ ಹೇಳಿ ಮುಗಿಸಿ, ಏಳುವಾಗ ಹುಡುಗಿಯ ಕೆನ್ನೆ ಸವರಿ ನೆಟಿಗೆ ಮುರಿದು, “ನೀ ಏನೂ ಅಂಜಬ್ಯಾಡ ಮತ್ತ” ಅಂದು ಹೋದರು.

ಅವಳು ಮಾತಾಡಿದ್ದು ಅದಾದ ಮೇಲೆ ಒಂದು ರಾತ್ರಿ, ಎಲ್ಲರೂ ಮಲಗಿದ ಹೊತ್ತಿನಲ್ಲಿ, ಗೋಡೆಯ ಹತ್ತಿರ ಬಂದು. “ದೊಡ್ಡವ್ವ, ನಿದ್ದಿ ಹತ್ತವಲ್ದು. ಎದಿ ಡವಡವ ಅಂತೈತಿ.” ಏನು ಅಂಜಿಕೆ ಅಂದರೆ ಒಂದಲ್ಲ. ಆಪರೇಷನ್ ಆದರೆ ಹೇಗೆ, ಆಗದಿದ್ದರೆ ಹೇಗೆ. ಕೂಸಿಗೆ ಏನಾದರೂ ಊನ ಇದ್ದರೆ. ತಾನೇ ಹೋಗಿಬಿಟ್ಟರೆ ಕೂಸನ್ನು ಯಾರು ನೋಡುತ್ತಾರೆ, ಗಂಡ ಎಷ್ಟು ದಿನಕ್ಕೆ ಇನ್ನೊಂದು ಮದುವೆ ಆಗುತ್ತಾನೆ. ಆ ಎರಡನೇ ಹೆಂಡತಿ ಯಾರಾಗಬಹುದು ಅಂತ ಕೂಡ ಗೊತ್ತು ಮಾಡಿಟ್ಟಿದ್ದಳು. ಎಲ್ಲಕ್ಕೂ ಮೇಲೆ ಸ್ಕ್ಯಾನಿಂಗ್ ರಿಪೋರ್ಟು. ಇಂಗ್ಲಿಷಿನಲ್ಲಿದೆ, ಕೊಟ್ಟವರು ಬಾಯಿ ಬಿಡಲಿಲ್ಲ, ಗಂಡ ಓದಿ “ಹೊಕ್ಕಳಬಳ್ಳಿ ಕೊಳ್ಳಾಗ ಸುತ್ಯೈತಿ ಅಂತ ಬರದಾರ” ಅಂದು ಡ್ಯೂಟಿಗೆ ಹೋದ. ಆ ಒಂದು ಸಾಲು ಹೊದ್ದುಕೊಂಡು ಇವಳು ಎಷ್ಟೋ ರಾತ್ರಿ ಕಳೆದಿದ್ದಾಳೆ. ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಹೆರಿಗೆಯಲ್ಲಿ ಕೂಸಿನ ಕುತ್ತಿಗೆಗೆ ಬಳ್ಳಿ ಸುತ್ತಿರುತ್ತದೆ, ಬಹುತೇಕ ಯಾವ ತೊಂದರೆಯೂ ಇಲ್ಲದೆ ಸಲೀಸಾಗಿ ಬಿಡಿಸಿಕೊಳ್ಳುತ್ತದೆ ಅನ್ನಲು ಎಷ್ಟು ಹೊತ್ತು ಬೇಕು? ನಾನು ಅಂದೆ. ಮಗ್ಗದ ಮನೆಯ ಹುಡುಗಿ, ಎಳೆ ಸಿಕ್ಕಾಗುವುದು ಬಿಡಿಸುವುದು ಗೊತ್ತಿದ್ದವಳು. ಮಾತು ತಲೆಗೆ ಹೋಯಿತು. ಎದೆಗೆ ಹೋಗಲು ಇನ್ನೂ ಸ್ವಲ್ಪ ದಿನ ಹಿಡಿಯಿತು.

ಬೆಳಿಗ್ಗೆ ಆಕೆಯ ಅವ್ವನ ಹತ್ತಿರ ಮಾತು ತೆಗೆದೆ. ಆಕೆ ತಕ್ಷಣ ಒಳಗೆ ಕೂಗಿದಳು: “ಚಿಂತಿ ಮಾಡಿದ್ರ ಕೂಸಿಗೆ ಹತ್ತತೈತಿ ಅಂತ ಎಷ್ಟ ಸಲ ಹೇಳಬೇಕ ನಿನಗ!” ಇದು ನೋಡಿ ನಮ್ಮ ಮನೆಗಳ ದೊಡ್ಡ ಔಷಧ. ಹುಡುಗಿ ಮೊದಲು ಹೆರಿಗೆಗೆ ಅಂಜುತ್ತಿದ್ದಳು. ಈಗ ಅಂಜಿದ್ದಕ್ಕೂ ಅಂಜಬೇಕು. ಅಭಿಮನ್ಯುವಿನ ಕಥೆಯಿಂದ ಬಂದ ಬುದ್ಧಿ ಇರಬೇಕು ಇದು. ಹೊಟ್ಟೆಯೊಳಗಿದ್ದೇ ಚಕ್ರವ್ಯೂಹ ಹೊಗುವುದನ್ನು ಕಲಿತನಂತೆ, ಸುಭದ್ರೆ ನಿದ್ದೆ ಹೋದದ್ದರಿಂದ ಹೊರಬರುವುದನ್ನು ಕಲಿಯಲಿಲ್ಲವಂತೆ. ಮಗ ಸತ್ತ ತಪ್ಪು ಕಡೆಗೆ ತೂಕಡಿಸಿದ ಬಸುರಿಯ ತಲೆಗೆ. ತುಂಬಿದ ಬಸುರಿಯ ಮುಂದೆ ಕೂತು ಯುದ್ಧದ ಕಥೆ ಹೇಳುವುದು ಯಾವ ಶಾಸ್ತ್ರ ಅಂತ ಅರ್ಜುನನನ್ನು ಯಾರೂ ಕೇಳಿದಂತಿಲ್ಲ. ಆಕೆ ನಿದ್ದೆ ಮಾಡಿದ್ದೇ ಒಳ್ಳೆಯದಾಯಿತು ಅನ್ನುತ್ತೇನೆ ನಾನು.

ಹಾಗಂತ ಚಿಂತೆಗೂ ಒಡಲಿಗೂ ಸಂಬಂಧವೇ ಇಲ್ಲ ಅನ್ನುವಂತಿಲ್ಲ. ಸಂಬಂಧ ಇದೆ, ಪಕ್ಕದ ಮನೆಯಾಕೆಗೆ ಅದನ್ನು ಅವರ ಮಗ್ಗದ ಭಾಷೆಯಲ್ಲೇ ಹೇಳಿದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿ ನೇಯುತ್ತಾರೆ. ಸೆರಗು ಜಗ್ಗಿದರೆ ಒಡಲು ಸುಮ್ಮನಿರುವುದಿಲ್ಲ. ಆದರೆ ಒಮ್ಮೆ ಜಗ್ಗಿದ ಮಾತ್ರಕ್ಕೆ ಸೀರೆ ಹರಿಯುವುದೂ ಇಲ್ಲ. ಒಂದು ದಿನ ಅತ್ತರೆ, ಒಂದು ರಾತ್ರಿ ಎದ್ದು ಕೂತರೆ ಕೂಸಿಗೆ ಏನೂ ಆಗುವುದಿಲ್ಲ. ಅಂಜಿದಾಗ ಮೈಯಲ್ಲಿ ಏರುವ ಕಾರ್ಟಿಸಾಲ್ ಅನ್ನುವ ರಸವನ್ನು ಬಹುಪಾಲು ಸಪ್ಪಗೆ ಮಾಡಿ ಕೂಸಿನ ಕಡೆ ಬಿಡುವ ಕಿಣ್ವವೊಂದು ಮಾಸಿನಲ್ಲೇ ಇದೆ. ಕೆಲಸ ಕೆಡುವುದು ವಾರಗಟ್ಟಲೆ, ತಿಂಗಳುಗಟ್ಟಲೆ ನಿದ್ದೆ ಇಲ್ಲದೆ, ಊಟ ಸೇರದೆ, ಯಾರಿಗೂ ಹೇಳದೆ ಒಳಗೇ ಕುದಿದಾಗ. ಹಾಗೆ ಕುದಿಯುವವರಲ್ಲಿ 37 ವಾರ ತುಂಬುವ ಮೊದಲೇ ಹೆರಿಗೆಯಾಗುವುದು, ಕೂಸು ಎರಡೂವರೆ ಕೆಜಿಗಿಂತ ಕಡಿಮೆ ತೂಗುವುದು ಉಳಿದವರಿಗಿಂತ ಹೆಚ್ಚು ಅಂತ ಅಧ್ಯಯನಗಳು ಹೇಳುತ್ತವೆ. ಬಾಣಂತನದಲ್ಲಿ ಖಿನ್ನತೆ ಬರುವ ಸಂಭವವೂ ಹೆಚ್ಚು. ಅಂಜಿಕೆಯೊಂದೇ ಇದನ್ನು ಮಾಡುತ್ತದೆ ಅಂತಲ್ಲ. ಬಡತನ, ರಕ್ತ ಕಡಿಮೆ ಇರುವುದು, ಮನೆಯಲ್ಲಿ ಹೊಡೆತ, ಇವೆಲ್ಲ ಅದರ ಜೊತೆಗೇ ಬಾಗಿಲು ದಾಟಿ ಬರುತ್ತವೆ. ಯಾರು ಎಷ್ಟು ಕೆಡಿಸಿದರು ಅಂತ ಪಾಲು ಮಾಡುವುದು ಪಂಡಿತರಿಗೂ ಸಲೀಸಲ್ಲ. ಇನ್ನೊಂದಿದೆ: ಅಂಜಿದವಳು ತಪಾಸಣೆಗೆ ಹೋಗುವುದನ್ನು ತಪ್ಪಿಸುತ್ತಾಳೆ. ಹೋದರೆ ಏನು ಹೇಳುತ್ತಾರೋ ಅಂತ. ರಜಿಸ್ಟರು ಹಿಡಿದು ತಿರುಗಿದವಳು ನಾನು, ನನಗೆ ಇದು ಚೆನ್ನಾಗಿ ಗೊತ್ತು. “ಊರಿಗೆ ಹೋಗ್ಯಾಳ” ಅಂತ ಅತ್ತೆ ಬಾಗಿಲಲ್ಲಿ ಹೇಳುವಾಗ ಒಳಗಿನಿಂದ ಬಳೆ ಸಪ್ಪಳ ಕೇಳುತ್ತಿತ್ತು.

ಇದು ನಮ್ಮ ಹುಡುಗಿಯೊಬ್ಬಳ ಪಾಡಲ್ಲ. 34 ದೇಶಗಳ ಅಧ್ಯಯನಗಳನ್ನು ಒಟ್ಟು ಮಾಡಿ 2017ರಲ್ಲಿ ಒಂದು ಲೆಕ್ಕ ಪ್ರಕಟವಾಯಿತು. ಬಸುರಿಯರಲ್ಲಿ ನೂರಕ್ಕೆ ಸುಮಾರು 23 ಮಂದಿಗೆ ಆತಂಕದ ಲಕ್ಷಣ, ಕೊನೆಯ ಮೂರು ತಿಂಗಳಲ್ಲಿ ನೂರಕ್ಕೆ ಸುಮಾರು 25. ಅಂದರೆ ಆಸ್ಪತ್ರೆಯ ಬೆಂಚಿನ ಮೇಲೆ ನಾಲ್ಕು ಜನ ಕೂತಿದ್ದರೆ ಒಬ್ಬಾಕೆ. ಆದರೆ ತಾಯಿ ಕಾರ್ಡಿನಲ್ಲಿ ನೋಡಿ, ತೂಕಕ್ಕೆ ಜಾಗ ಇದೆ, ಬಿಪಿಗೆ ಇದೆ, ಹಿಮೋಗ್ಲೋಬಿನ್ನಿಗೆ ಇದೆ, ಮೂತ್ರಕ್ಕೂ ಇದೆ. ಹೊಟ್ಟೆ ಎಷ್ಟು ಎತ್ತರ ಬಂತು ಅಂತ ಮುಟ್ಟಿ ಬರೆಯುತ್ತೇವೆ. ಮುಖ ನೋಡಿ ಬರೆಯುವ ಸಾಲು ನಾನು ಭರ್ತಿ ಮಾಡಿದ ರಜಿಸ್ಟರಿನಲ್ಲಂತೂ ಇರಲಿಲ್ಲ. ಬಾದಾಮಿಯ ಮ್ಯೂಸಿಯಮ್ಮಿನಲ್ಲಿ ನಾಗನಾಥಕೊಳ್ಳದಿಂದ ತಂದಿಟ್ಟ ಲಜ್ಜಾಗೌರಿಯ ಮುಂದೆ ನಿಂತಾಗಲೆಲ್ಲ ನನಗೆ ಈ ಕಾರ್ಡು ನೆನಪಾಗುತ್ತದೆ. ಚಾಲುಕ್ಯರ ಕಾಲದ ಶಿಲ್ಪಿ ಆಕೆಯ ಹೊಟ್ಟೆ, ತೊಡೆ, ಕಾಲಿನ ಬಳೆ ಎಲ್ಲ ಕಣ್ಣಿಗೆ ಕಟ್ಟುವಂತೆ ಕಡೆದಿದ್ದಾನೆ. ತಲೆ ಇರಬೇಕಾದಲ್ಲಿ ಅರಳಿದ ಕಮಲ ಇದೆ. ಕಮಲ ಬಹಳ ಚೆಂದ, ಅದಕ್ಕೆ ದೊಡ್ಡ ಅರ್ಥವೂ ಇದ್ದೀತು, ಪೂಜೆಗೆ ಅಡ್ಡಿಯಿಲ್ಲ. ಐಹೊಳೆ ಹತ್ತಿರದ ಸಿದ್ಧನಕೊಳ್ಳದಲ್ಲಿ ಮಕ್ಕಳಾಗಲಿ ಅಂತ ಇಂದಿಗೂ ಆಕೆಗೇ ನಡೆದುಕೊಳ್ಳುತ್ತಾರೆ. ಆದರೆ ಕಣ್ಣು ಬಾಯಿ ಇಲ್ಲದ ಹೆರುವ ತಾಯಿ ದೇವರಾಗಿ ಇರಬಹುದು, ಬೆಂಚಿನ ಮೇಲೆ ಕೂತ ಹುಡುಗಿಯನ್ನು ಹಾಗೆ ನೋಡಿದರೆ ಹೇಗೆ?

ಮುಖ ನೋಡುವ ವಿದ್ಯೆ ದೊಡ್ಡದೇನಲ್ಲ. 1987ರಲ್ಲಿ ಸ್ಕಾಟ್ಲೆಂಡಿನವರು ಬಾಣಂತಿಯರ ಖಿನ್ನತೆ ಅಳೆಯಲು ಹತ್ತು ಪ್ರಶ್ನೆಯ ಒಂದು ಹಾಳೆ ಮಾಡಿದರು, ಎಡಿನ್‌ಬರೋ ಮಾಪಕ ಅಂತ. ಈಗ ಅದನ್ನು ಬಸುರಿಯರಿಗೂ ಕೇಳುತ್ತಾರೆ, ಕನ್ನಡಕ್ಕೂ ಬಂದಿದೆ, ಕರ್ನಾಟಕದ ಹಳ್ಳಿ ಹೆಂಗಸರ ಮೇಲೆ ಪರೀಕ್ಷೆ ಮಾಡಿ ನೋಡಿದ್ದಾರೆ. ಕಳೆದ ಏಳು ದಿನದಲ್ಲಿ ಹೇಗಿತ್ತು ಅಂತ ಕೇಳುವುದು, ಅಷ್ಟೇ. ಅದರಲ್ಲಿ ಒಂದೆರಡು ಪ್ರಶ್ನೆ ಅಂಜಿಕೆಯವು: ಸರಿಯಾದ ಕಾರಣ ಇಲ್ಲದೆಯೇ ಕಳವಳ, ಗಾಬರಿ ಆಗಿತ್ತೇ ಅನ್ನುವಂಥವು. ಇದನ್ನು ಪಕ್ಕದ ಮನೆಯಾಕೆಗೆ ಹೇಳಿದರೆ ಕಂಡಿಕೆ ನಿಲ್ಲಿಸಿ ನಕ್ಕಳು. “ಕಾರಣಿಲ್ಲದ ಅಂಜಿಕಿ ಅವರ ಊರಾಗ ಇರಬೇಕು ಬಿಡ. ನಮ್ಮಲ್ಲಿ ಕಾರಣ ರಗಡ ಅದಾವ.” ಮನೋವೈದ್ಯರ ಸಭೆಯಲ್ಲಿ ಕೂತು ಹೇಳಬೇಕಾದ ಮಾತು ಇದು.

ಅಲ್ಲವೇ ಮತ್ತೆ? ಮೊದಲನೆಯದು ಹೆಣ್ಣಾಗಿ, ಎರಡನೆಯದೂ ಹೆಣ್ಣಾಗಿ, ಮೂರನೆಯದಕ್ಕೆ ದಿನ ಎಣಿಸುವವಳ ಅಂಜಿಕೆಗೆ ಕಾರಣ ಇಲ್ಲ ಅನ್ನಲಾದೀತೇ? 2024ರ ಮೇ ತಿಂಗಳಲ್ಲಿ ನಮ್ಮದೇ ಜಿಲ್ಲೆಯ ಮಹಾಲಿಂಗಪುರದಲ್ಲಿ ಅಕ್ರಮ ಗರ್ಭಪಾತ ಮಾಡಿಸಿಕೊಂಡು ಮಹಾರಾಷ್ಟ್ರದ ಹೆಣ್ಣುಮಗಳೊಬ್ಬಳು ತೀರಿಕೊಂಡಳು. ಅಂಥ ಕಡೆಗೆ ಯಾರೂ ಖುಷಿಯಿಂದ ನಡೆದು ಹೋಗುವುದಿಲ್ಲ. ಗಂಡ ಸಂಜೆ ಹೇಗೆ ಬರುತ್ತಾನೋ ಅನ್ನುವುದು ಇನ್ನೊಂದು. ನಮ್ಮ ಇಳಕಲ್ಲಿನ ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಮನೆಮನೆಗೆ ಹೊರಟು, ದುಡ್ಡು ಬೇಡ, ನಿಮ್ಮ ಕುಡಿತ ಹಾಕಿ, ತಂಬಾಕು ಹಾಕಿ ಅಂದರು. ಅವರು ಹುಟ್ಟಿದ ಆಗಸ್ಟ್ 1 ಈಗ ಸರ್ಕಾರಿ ವ್ಯಸನಮುಕ್ತ ದಿನ. ಜೋಳಿಗೆಗೆ ಬಿದ್ದ ಒಂದೊಂದು ಬಾಟಲಿಯ ಲೆಕ್ಕದಲ್ಲಿ ಎಷ್ಟು ಬಸುರಿಯರು ಸರಿಯಾಗಿ ನಿದ್ದೆ ಮಾಡಿದರೋ, ಆ ಪುಣ್ಯದ ಲೆಕ್ಕ ಯಾರೂ ಇಟ್ಟಿಲ್ಲ. ಮಲಪ್ರಭೆಯ ದಂಡೆಯವರಿಗೆ ಹೊಳೆಯ ಅಂಜಿಕೆ. 2019ರ ಆಗಸ್ಟಿನಲ್ಲಿ ಪಟ್ಟದಕಲ್ಲಿನ ಗುಡಿಗಳಿಗೇ ನೀರು ನುಗ್ಗಿತ್ತು. ಆ ತಿಂಗಳು ದಿನ ತುಂಬಿದವಳು ಪಂಚಾಂಗ ನೋಡಬೇಕೋ ಹೊಳೆ ನೋಡಬೇಕೋ. ಗೋವಾ, ಮಂಗಳೂರು ಕಡೆ ಕಟ್ಟಡದ ಕೆಲಸಕ್ಕೆ ಹೋದವರಿಗೆ ತಾಯಿ ಕಾರ್ಡು ಒಂದೂರಲ್ಲಿ, ಹೊಟ್ಟೆ ಇನ್ನೊಂದೂರಲ್ಲಿ. ಇವೆಲ್ಲ ಸಾಲದು ಅಂತ 2024ರ ನವೆಂಬರಿನಲ್ಲಿ ಬಳ್ಳಾರಿಯಿಂದ ಸುದ್ದಿ ಬಂತು. ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು, ಏರಿಸಿದ ಸಲಾಯಿನ್ ಮೇಲೆ ಅನುಮಾನ ಬಂತು, ಸರ್ಕಾರ ಅದರ ಬಳಕೆ ನಿಲ್ಲಿಸಿತು. ಆ ಚಳಿಗಾಲ ಪೂರ್ತಿ ಟಿವಿಯ ಮುಂದೆ ಹೊಟ್ಟೆ ಹಿಡಿದುಕೊಂಡು ಕೂತವರಿಗೆ “ಸುಮ್ಮ ಸುಮ್ಮನ ಅಂಜಬ್ಯಾಡ” ಅನ್ನಲು ನನಗೆ ಬಾಯಿ ಬರುವುದಿಲ್ಲ.

ಅಂಜಿಕೆಯ ಜೊತೆ ಅಂಕಿಯನ್ನೂ ಹೇಳಬೇಕು, ಇಲ್ಲದಿದ್ದರೆ ನಾನೂ ಪಡಸಾಲೆಯ ಹೆಂಗಸರ ಸಾಲಿಗೆ ಸೇರುತ್ತೇನೆ. ಕರ್ನಾಟಕದಲ್ಲಿ 2001-03ರ ಹೊತ್ತಿಗೆ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018-20ಕ್ಕೆ ಅದು 69ಕ್ಕೆ ಬಂತು. ಆಸ್ಪತ್ರೆ, ಆಶಾ, 108 ಗಾಡಿ, ರಕ್ತದ ಬಾಟಲಿ, ಎಲ್ಲರೂ ಸೇರಿ ಎಳೆದು ತಂದದ್ದು. ಆದ್ದರಿಂದ “ನಮ್ಮ ಕಾಲದಾಗ ಸೂಲಗಿತ್ತಿ ಕೈಯಾಗ ಹಡದು ಮರುದಿನ ಹೊಲಕ್ಕ ಹೋಗ್ತಿದ್ವಿ” ಅನ್ನುವ ಅಜ್ಜಿಯರ ಮಾತಿಗೆ ನಾನು ತಲೆಯಾಡಿಸುವುದಿಲ್ಲ. ಹೋದವರು ಹೇಳುತ್ತಾರೆ, ಹೋಗಿಬಿಟ್ಟವರು ಹೇಳಲು ಉಳಿದಿಲ್ಲ. ಆದರೂ ಸೂಲಗಿತ್ತಿ ಮಾಡುತ್ತಿದ್ದ ಒಂದು ಕೆಲಸ ಆಸ್ಪತ್ರೆಯ ಬಾಗಿಲಲ್ಲಿ ಚಪ್ಪಲಿಯ ಜೊತೆ ಹೊರಗೆ ಉಳಿದುಬಿಟ್ಟಿತು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಆಕೆ ಹೆರಿಗೆ ಮಾಡಿಸಿದ ಸಾವಿರಾರು ಕೂಸುಗಳನ್ನು ಎಲ್ಲರೂ ಎಣಿಸಿದರು. ಅಷ್ಟು ಹೆಂಗಸರ ನಡು ತಿಕ್ಕುತ್ತ, ಬೆವರು ಒರೆಸುತ್ತ ಆಕೆ ಆಡಿದ ಮಾತುಗಳನ್ನು ಯಾರು ಎಣಿಸಬೇಕು? ಬ್ಯಾನಿ ತಿನ್ನುವವಳ ಪಕ್ಕದಲ್ಲಿ ತನ್ನವರೊಬ್ಬರು ಇದ್ದರೆ ಅಂಜಿಕೆ ಇಳಿಯುತ್ತದೆ, ಆಪರೇಷನ್ನಿನ ಪ್ರಮಾಣವೂ ಕಡಿಮೆಯಾಗುತ್ತದೆ ಅಂತ ಲೋಕವೆಲ್ಲ ಒಪ್ಪಿದ ಮೇಲೆ, 2016ರಲ್ಲಿ ಕೇಂದ್ರ ಸರ್ಕಾರವೂ ಸರ್ಕಾರಿ ಹೆರಿಗೆ ಕೋಣೆಗೆ ಒಬ್ಬ ಜೊತೆಗಾತಿಯನ್ನು ಬಿಡಬಹುದು ಅಂದಿತು. ಆಕೆಯೂ ಹಡೆದವಳಾಗಿರಬೇಕು ಅಂತ ಷರತ್ತು. ಇದು ಕೇಳಿದ್ದೇ ಪಕ್ಕದ ಮನೆಯಾಕೆ ಯಾರು ಒಳಗೆ ಹೋಗಬೇಕು ಅನ್ನುವ ಚರ್ಚೆ ಶುರು ಮಾಡಿದಳು. ಅವ್ವನೋ, ಅತ್ತೆಯೋ, ಚಿಗವ್ವನೋ. “ಅಕೀನ್ನ ಕೇಳೂಣು” ಅಂದೆ ನಾನು. ಈ ದಿಕ್ಕಿನಲ್ಲಿ ಯಾರೂ ಯೋಚಿಸಿರಲಿಲ್ಲ. ಹುಡುಗಿ ಆರಿಸಿದ್ದು ಅವಳ ದೊಡ್ಡ ಅಕ್ಕನನ್ನು. ಆಕೆ ಮಾತು ಕಡಿಮೆ, ಕೈ ಬೆಚ್ಚಗೆ.

ಒಂದು ಮಾತನ್ನು ಮಾತ್ರ ನಾನು ಗೋಡೆ ದಾಟಿ, ಅವರ ಮನೆಯೊಳಗೇ ಕೂತು ಹೇಳಿದೆ. ಎಲ್ಲ ಅಂಜಿಕೆ ಮನಸ್ಸಿನದಲ್ಲ. ಎದೆ ಡವಡವ ಅನ್ನುವುದು, ಏದುಸಿರು, ಕೈಕಾಲು ಸೋಲುವುದು ರಕ್ತ ಕಡಿಮೆ ಇದ್ದರೂ ಆಗುತ್ತದೆ. ನಮ್ಮ ರಾಜ್ಯದ ಬಸುರಿಯರಲ್ಲಿ ನೂರಕ್ಕೆ 45ರ ಆಸುಪಾಸು ಮಂದಿಗೆ ರಕ್ತಹೀನತೆ ಇದೆ ಅಂತ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೇ ಹೇಳಿದೆ. ಸುಣ್ಣ, ಕೆಮ್ಮಣ್ಣು, ಬಳಪ ತಿನ್ನಬೇಕು ಅನ್ನಿಸುವುದನ್ನು ನಾವು ಬಯಕೆ ಅಂತ ಮುದ್ದು ಮಾಡುತ್ತೇವೆ. ಎಷ್ಟೋ ಸಲ ಅದು ಕಬ್ಬಿಣದ ಕೊರತೆಯ ಗುರುತು. ಥೈರಾಯ್ಡ್ ಏರಿದರೂ ಜೀವ ಹೀಗೇ ಹೊಯ್ದಾಡುತ್ತದೆ. ನಮ್ಮ ಹುಡುಗಿಗೂ ಕಬ್ಬಿಣದ ಗುಳಿಗೆ ಕೊಟ್ಟಿದ್ದರು. ತಿಂದರೆ ಕೂಸು ಕಪ್ಪಾಗುತ್ತದೆ ಅಂತ ಯಾರೋ ಅಂದದ್ದಕ್ಕೆ ಹಾಸಿಗೆಯ ಕೆಳಗೆ ಪೂರ್ತಿ ಮಾತ್ರೆಪಟ್ಟಿ ಇತ್ತು. ಇನ್ನು ತಡೆಯಲಾರದ ತಲೆನೋವು, ಕಣ್ಣು ಮಂಜಾಗುವುದು, ಮುಖ-ಕೈ ಬಾವು, ರಕ್ತ ಕಾಣಿಸುವುದು, ಕೂಸಿನ ಮಿಸುಕಾಟ ಕಡಿಮೆಯಾಗುವುದು, ಇವು ಬಂದಾಗ “ನಿನಗ ಎಲ್ಲಾದಕ್ಕೂ ಅಂಜಿಕಿ” ಅಂತ ಬೈದು ಕೂಡಿಸಿದರೆ ಜೀವಕ್ಕೇ ಎರವು. ಬಿಪಿ ಏರಿದ ಬಸುರಿಗೆ ಅದು ಹೆದರಿಕೆ ಅಂತ ನಿಂಬೆ ಶರಬತ್ತು ಕುಡಿಸಿ ಮಲಗಿಸಿದ ಮನೆಗಳನ್ನು ಕಂಡಿದ್ದೇನೆ. ಅಂಜುಬುರುಕಿ ಅಂತ ಒಮ್ಮೆ ಹೆಸರು ಬಿದ್ದರೆ ಆಮೇಲೆ ಅವಳು ನಿಜಕ್ಕೂ ನೋವು ಅಂದರೂ ಮನೆಯವರು ಎದ್ದು ಕೂರುವುದಿಲ್ಲ. ತಪಾಸಣೆ ಮೊದಲು, ಸಮಾಧಾನ ಆಮೇಲೆ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆಂದೇ ವೈದ್ಯರು ನೋಡುವ ದಿನ ಇದೆ. ಅವತ್ತು ಹುಡುಗಿ, ಅವಳ ಅಕ್ಕ, ನಾನು, ಮೂವರೂ ಹೋದೆವು. ಹಿಮೋಗ್ಲೋಬಿನ್ 9ರ ಹತ್ತಿರ ಇತ್ತು. ಅವಳ ಡವಡವದಲ್ಲಿ ಅರ್ಧ ಪಾಲು ಅದರದೇ.

ಉಳಿದ ಅರ್ಧಕ್ಕೆ ಏನು? ತಾಲ್ಲೂಕು ಆಸ್ಪತ್ರೆಗೆ ಮಾನಸಿಕ ಆರೋಗ್ಯದ ಡಾಕ್ಟರು ಬರುವ ಮನೋಚೈತನ್ಯ ಅನ್ನುವ ಕಾರ್ಯಕ್ರಮ ಇದೆ. ಬರುವುದು ಮಂಗಳವಾರ. ಮಂಗಳವಾರ ಶುಕ್ರವಾರ ಮಗಳನ್ನು ಹೊಸ್ತಿಲು ದಾಟಿಸದ ಊರಲ್ಲಿ ಈ ವಾರವನ್ನು ಯಾರು ಗೊತ್ತು ಮಾಡಿದರೋ! ವಾರ ಒಂದು ಸಣ್ಣ ತೊಡಕು, ದೊಡ್ಡದು ಬೇರೆ. ಮಾನಸಿಕ ಅಂದ ಕೂಡಲೇ ಪಕ್ಕದ ಮನೆಯಾಕೆಯ ಮುಖ ಬಿಳುಪಾಯಿತು. “ನನ್ನ ಮಗಳನ್ನ ಧಾರವಾಡಕ್ಕ ಕಳಸಬೇಕಂತೀಯೇನು?” ಈ ಸೀಮೆಯಲ್ಲಿ ಧಾರವಾಡ ಅಂದರೆ ಪೇಢೆ ಒಂದು, ಹುಚ್ಚಾಸ್ಪತ್ರೆ ಒಂದು; ಎರಡರಲ್ಲಿ ಯಾವುದು ಅನ್ನುವುದು ದನಿಯಿಂದ ತಿಳಿಯುತ್ತದೆ. ಹಾಗಲ್ಲ ಅಂದೆ. ಬಹಳ ಮಂದಿಗೆ ಕೂತು ಮಾತಾಡಿದರೇ ಸಾಕಾಗುತ್ತದೆ. ಗುಳಿಗೆ ಬೇಕಾದವರಿಗೆ ಬಸಿರಿನಲ್ಲೂ ಕೊಡಬಹುದಾದ ಗುಳಿಗೆಗಳನ್ನು ವೈದ್ಯರು ನೋಡಿ ಕೊಡುತ್ತಾರೆ. ಮೊದಲಿಂದ ತಗೊಳ್ಳುತ್ತಿದ್ದವರು ಬಸಿರಾದೆ ಅಂತ ತಾವೇ ನಿಲ್ಲಿಸಬಾರದು. ತೀರ ಕಷ್ಟವಾದ ತಾಯಂದಿರನ್ನು ಕೂಸಿನ ಜೊತೆಗೇ ಇಟ್ಟುಕೊಂಡು ಉಪಚರಿಸಲು ಬೆಂಗಳೂರಿನ ನಿಮ್ಹಾನ್ಸ್ 2009ರಲ್ಲೇ ಒಂದು ವಾರ್ಡು ತೆರೆದಿದೆ, ದಕ್ಷಿಣ ಏಷ್ಯಾಕ್ಕೇ ಅದು ಮೊದಲನೆಯದು. ಅಷ್ಟು ದೂರ ಯಾಕೆ, 2022ರಿಂದ ಟೆಲಿ-ಮಾನಸ್ ಅಂತ ಪುಕ್ಕಟೆ ಫೋನು ಇದೆ, 14416, ಕನ್ನಡದಲ್ಲೇ ಮಾತಾಡುತ್ತಾರೆ. ಹುಡುಗಿ ನಮ್ಮ ಮನೆಯ ಹಿತ್ತಲಿಗೆ ಬಂದು ಅದಕ್ಕೆ ಫೋನು ಮಾಡಿದಳು. ಏನು ಮಾತಾಡಿದಳೋ, ನಾನು ಒಳಗೆ ಹೋಗಿ ಪಾತ್ರೆ ಸಪ್ಪಳ ಮಾಡುತ್ತ ನಿಂತೆ. ಮುಗಿಸಿ ಬಂದು ಎರಡು ರೊಟ್ಟಿ, ಪುಂಡಿಪಲ್ಲೆ ತಾನೇ ಕೇಳಿ ಹಾಕಿಸಿಕೊಂಡು ಉಂಡಳು.

ಈಗಿನ ಸಮಸ್ಯೆ ನವನಗರದ ಅತ್ತೆಯದು. ಆಕೆ ದಿನಕ್ಕೆ ಎಷ್ಟು ಸಲ ಫೋನು ಮಾಡುತ್ತಾಳೆ ಅನ್ನುವುದನ್ನು ಎಣಿಸುವುದು ನಾವು ಬಿಟ್ಟಿದ್ದೇವೆ. ಗುಳಿಗೆ ತಗೊಂಡಳೋ, ಎಡಮಗ್ಗುಲಾಗಿ ಮಲಗಿದಳೋ, ಗ್ರಹಣದ ದಿನ ಚಾಕು ಮುಟ್ಟಿದಳೋ. ಹೆರಿಗೆ ಸುಸೂತ್ರ ಆದರೆ ಬಾದಾಮಿಯ ಬನಶಂಕರಿಗೆ ಹರಕೆ ಹೊತ್ತಿದ್ದಾಳೆ: ಬನದ ಹುಣ್ಣಿಮೆಯ ಜಾತ್ರೆಯಲ್ಲಿ ಕೂಸನ್ನು ಬಾಳೆದಿಂಡಿನ ತೆಪ್ಪದಲ್ಲಿ ಮಲಗಿಸಿ ಹೊಂಡದಲ್ಲಿ ತೇಲಿಸುವುದು. ಇದು ಕೇಳಿ ಹುಡುಗಿಗೆ ಹೊಸ ಚಿಂತೆ. ಕೂಸು ಹೊರಗೆ ಬರುವ ಮೊದಲೇ ಅದು ನೀರಿಗೆ ಬೀಳುವ ಕನಸು. ನಾನೇ ಫೋನು ಇಸಿದುಕೊಂಡು ಅತ್ತೆಗೆ ಮಾತಾಡಿದೆ. ತೆಪ್ಪದ ಮಾತು ಸದ್ಯಕ್ಕೆ ಬೇಡ ಅಂದೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಮೊದಲ ಸಲ ದನಿ ತಗ್ಗಿಸಿ ಹೇಳಿದಳು. ಆಕೆಯ ಚೊಚ್ಚಲ ಕೂಸು ಉಳಿಯಲಿಲ್ಲವಂತೆ. ಮಗನಿಗೂ ಗೊತ್ತಿಲ್ಲ. ಸೊಸೆಗೆ ದಿನ ತುಂಬುತ್ತ ಬಂದಂತೆ ಆಕೆಗೂ ನಿದ್ದೆ ಹತ್ತುತ್ತಿಲ್ಲ.

“ಅಲ್ಲರಿ ಸಿಸ್ಟರ್, ಆ ನಂಬರಿಗೆ ಫೋನ್ ಮಾಡಾಕ ಬಸುರೀನ ಆಗಿರಬೇಕೇನು?”

“ಇಲ್ಲರೀ. ಅತ್ತೆಂದಿರೂ ಮಾಡಬಹುದು.”

“ಹಂಗಾರ ಹೇಳ್ರಿ, ಬರಕೋತೀನಿ. ಮಗನ ಫೋನಿಗೆ ಮಾತ್ರ ಕಳಸಬ್ಯಾಡ್ರಿ.”